ಡಾಕ್ಟ್ರ ರೂಮಲ್ಲಿ ಮೂರನೇ ಕುರ್ಚಿ

ಹೋದ ಮಳೆಗಾಲ ಅವ್ವನ್ನ ಬಿಪಿ ತೋರ್ಸೋಕೆ ಗೋಣಿಕೊಪ್ಪಕ್ಕೆ ಕರ್ಕೊಂಡು ಹೋಗಿದ್ದೆ. ಡಾಕ್ಟ್ರು "ಮಾತ್ರೆ ಸರಿಯಾಗಿ ತಗೊಳ್ತಿದೀರಾ ಅಮ್ಮ?" ಅಂತ ಕೇಳಿದ್ದು ಅವ್ವನ್ನ, "ಹ್ಞೂ ಸಾರ್, ದಿನಾ ತಗೊಳ್ತಾರೆ" ಅಂದಿದ್ದು ನಾನು. ಅಲ್ಲಿಂದ ಡಾಕ್ಟ್ರು ನನ್ನನ್ನೇ ನೋಡ್ಕೊಂಡು ಮಾತಾಡೋಕೆ ಶುರು ಮಾಡಿದ್ರು, ಇವರಿಗೆ ನಿದ್ದೆ ಬರುತ್ತಾ, ಉಪ್ಪು ಕಮ್ಮಿ ಮಾಡಿದಾರಾ ಅಂತ, ಅವ್ವ ಪಕ್ಕದಲ್ಲೇ ಕೂತು ಕೊಡೆ ಹಿಡಿ ತಿರುಗಿಸ್ತಾ ಇದ್ಲು. ಅಷ್ಟೊತ್ತಿಗೆ ಫೋನ್ ಬಂತು, ಒಳಗೆ ನೆಟ್‌ವರ್ಕ್ ನಿಲ್ಲಲ್ಲ, ನಮ್ಮ ಕೊಡಗು ಗೊತ್ತಲ್ಲ, ರೋಡಿಗೆ ಬಂದೆ. ವಾಪಸ್ ಹೋಗೋಷ್ಟ್ರಲ್ಲಿ ಎರಡು ತಿಂಗಳಿಂದ ಮಾತ್ರೆ ಬಿಟ್ಟಿರೋದು, ಅದು ತಗೊಂಡ್ರೆ ತಲೆ ತಿರುಗುತ್ತೆ ಅಂತ ಬಿಟ್ಟಿದ್ದು, ಒಂದಿನ ಕಾಫಿ ಗಿಡದ ಬುಡದಲ್ಲೇ ಕೂತ್ಬಿಟ್ಟಿದ್ದು, ಎಲ್ಲಾ ಹೇಳಿ ಆಗಿತ್ತು. ನನಗೆ ಹೇಳಿರ್ಲಿಲ್ಲ, ಬೈತೀನಿ ಅಂತ.

ಒಬ್ರು ಎದುರಿಗೆ ಬಂದು ನಿಂತ್ರೆ ಮೈಯೇ ಬದಲಾಗುತ್ತೆ, ಇನ್ನು ಮಾತು ಬದಲಾಗದೆ ಇರುತ್ತಾ? 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಟಲಿಯ ಡಾಕ್ಟ್ರು ಮಾನ್ಚಿಯಾ ಮತ್ತೆ ಜೊತೆಗಾರರು ಆಸ್ಪತ್ರೇಲಿದ್ದ ರೋಗಿಗಳ ರಕ್ತನಾಳದೊಳಗೇ ಸಣ್ಣ ಕೊಳವೆ ಇಟ್ಟು ಬಿಪಿ ಅಳೀತಾ ಇದ್ರು, ಡಾಕ್ಟ್ರು ಹಾಸಿಗೆ ಹತ್ರ ಬಂದಿದ್ದೇ ತಡ, ಮೇಲಿನ ಬಿಪಿ ಸರಾಸರಿ 27 ಪಾಯಿಂಟ್ ಏರಿತ್ತು, ಅದೂ ಮೊದಲ ನಾಲ್ಕು ನಿಮಿಷದಲ್ಲೇ. ಇದು ಬರೀ ಡಾಕ್ಟ್ರು ಬಂದಿದ್ದಕ್ಕೆ, ಪಕ್ಕದಲ್ಲಿ ಮಗ ಕೂತಿದ್ದಕ್ಕಲ್ಲ.

ಹಂಗಂತ ಮೂರನೆಯವರು ಬೇಡ್ವೇ ಬೇಡ ಅನ್ನೋಕಾಗಲ್ಲ, ಡಾಕ್ಟ್ರು ಹೇಳಿದ್ದರಲ್ಲಿ ಅರ್ಧ ಮನೆಗೆ ಬರೋಷ್ಟ್ರಲ್ಲಿ ಮರ್ತು ಹೋಗುತ್ತೆ, ಜೊತೇಲಿ ಇನ್ನೊಂದು ಜೊತೆ ಕಿವಿ ಇದ್ರೆ ಒಳ್ಳೇದೇ. ನಮ್ಮಲ್ಲಂತೂ ಲೈನ್ ಮನೆಯಿಂದ, ಅಂದ್ರೆ ತೋಟದ ಕೂಲಿಯವರ ಸಾಲುಮನೆಯಿಂದ, ಯರವ ಬುಡಕಟ್ಟಿನವರು ಬಂದ್ರೆ ಜೊತೆಗೆ ತೋಟದ ಲೆಕ್ಕ ಬರೆಯೋ ರೈಟರ್, ಅಸ್ಸಾಮಿನವರು ಬಂದ್ರೆ ಅರ್ಧಂಬರ್ಧ ಕನ್ನಡ ಕಲ್ತಿರೋ ಒಬ್ಬ ಹುಡುಗ. ಹಾಜರಿ ಪುಸ್ತಕ ಇಟ್ಕೊಂಡಿರೋ ರೈಟರ್ ಎದುರಿಗೆ "ಕುಡೀತೀಯಾ?" ಅಂದ್ರೆ ಯಾವನು ಹೌದು ಅಂತಾನೆ ಹೇಳಿ! ಭಾಷೆ ದಾಟ್ಸೋದ್ರಲ್ಲೂ ಸೋರುತ್ತೆ: ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡೋ ಮನೆಯವರು ಮಕ್ಕಳನ್ನ ತೋರಿಸಿದ 13 ಭೇಟಿಗಳನ್ನ ರೆಕಾರ್ಡ್ ಮಾಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದುಭಾಷಿಗಳ 396 ತಪ್ಪು ಸಿಕ್ವು, ಅಂದ್ರೆ ಭೇಟಿಗೆ 30ಕ್ಕೂ ಹೆಚ್ಚು. ಜಾಸ್ತಿ ಆಗಿದ್ದು ಮಾತನ್ನ ಬಿಟ್ಟೇ ಬಿಡೋದು. ಅದ್ರಲ್ಲಿ ಒಬ್ಬ ದುಭಾಷಿ 11 ವರ್ಷದ ಮಗು, ರೋಗಿಯ ಒಡಹುಟ್ಟಿದ್ದು.

ಈಗ ನಾವು ಹೋದಾಗ ಮೊದಲ ಐದು ನಿಮಿಷ ನಾನು ಹೊರಗೆ ಬೆಂಚಲ್ಲಿ ಕೂರ್ತೀನಿ. ಆಮೇಲೆ ಅವ್ವನೇ ಕರ್ದು, "ಬಾ, ಮಾತ್ರೆ ಹೆಸ್ರು ಬರ್ಕೊ" ಅಂತಾಳೆ.