ಜೋಗದ ಅಂಚಿನಲ್ಲಿ ನಿಂತ ಮೈಸೂರಿನ ರೈಲು

ಸಿದ್ದಾಪುರ, ಸಿರ್ಸಿ ಕಡೆಯವರು ಬೆಂಗಳೂರಿಗೆ ರೈಲಲ್ಲಿ ಹೋಗಬೇಕು ಅಂದ್ರೆ ತಾಳಗುಪ್ಪಕ್ಕೆ ಹೋಗಿ ಹತ್ತುತ್ತಾರೆ. ಅಲ್ಲಿ ಹಳಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಜೋಗ, ಗೇರುಸೊಪ್ಪೆ, ಹೊನ್ನಾವರ, ಸಮುದ್ರ. ಹೊನ್ನಾವರದಲ್ಲಿ ಮತ್ತೆ ರೈಲು ಸಿಗುತ್ತದೆ, ಆದರೆ ಅದು ಮಂಗಳೂರಿಂದ ಮುಂಬೈ ಕಡೆ ಓಡುವ ಕೊಂಕಣ ರೈಲು. ನಡುವಿನ ಘಟ್ಟಕ್ಕೆ ಬಸ್ಸೇ ಗತಿ. ರೈಲು ಸರಿಯಾಗಿ ಘಟ್ಟದ ತುದಿಗೆ ಬಂದು ಯಾಕೆ ನಿಂತುಬಿಟ್ಟಿತು? ಸರ್ಕಾರವನ್ನು ಬೈದು ಮುಗಿಸುವುದು ಸುಲಭ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಈ ಕಥೆಯಲ್ಲಿ ಕಲ್ಲು, ಕಬ್ಬಿಣ ಮತ್ತು ಮೂರು ಸರ್ಕಾರಗಳ ಪಾಲೂ ಇದೆ.

ತಾಳಗುಪ್ಪದ ಹಳಿ ಹಾಕಿದ್ದು ಬ್ರಿಟಿಷರಲ್ಲ, ಮೈಸೂರು ಸಂಸ್ಥಾನ. 1877ರ ಆಸುಪಾಸಿನ ಭೀಕರ ಬರಗಾಲದಲ್ಲಿ ಹಸಿದ ಜನರಿಗೆ ಕೂಲಿ ಸಿಗಲಿ ಎಂದು ಬೆಂಗಳೂರು–ಮೈಸೂರು ದಾರಿಯ ಮಣ್ಣಿನ ಕೆಲಸ ಶುರುವಾಯಿತು. 1882ರಲ್ಲಿ ಆ ದಾರಿಯಲ್ಲಿ ರೈಲು ಓಡಿತು. ಹಳಿಗಳ ನಡುವಿನ ಅಗಲ, ಅಂದರೆ ಗೇಜ್, ಒಂದೇ ಮೀಟರ್. ಮದ್ರಾಸ್ ಕಡೆಯಿಂದ 1864ರಲ್ಲೇ ಬೆಂಗಳೂರಿಗೆ ಬಂದಿದ್ದ ರೈಲಿನ ಹಳಿಗಳ ನಡುವೆ 1676 ಮಿಲಿಮೀಟರ್ ಅಂತರ. ಹಾಗಾಗಿ ಬೆಂಗಳೂರಲ್ಲಿ ಸಾಮಾನೆಲ್ಲ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. ಕಿರಿಕಿರಿಯೇ ಸರಿ. ಆದರೂ ಸಣ್ಣ ಗೇಜಿಗೆ ಖರ್ಚು ಕಡಿಮೆ. ಹಗುರ ಹಳಿ ಸಾಕು, ಗುಡ್ಡ ಕಡಿಯುವುದು ಕಡಿಮೆ, ಬಿಗಿಯಾದ ತಿರುವಿನಲ್ಲೂ ಗಾಡಿ ತಿರುಗುತ್ತದೆ. ಬರದಿಂದ ಎದ್ದು ಬರುತ್ತಿದ್ದ ಸಂಸ್ಥಾನಕ್ಕೆ ಅಷ್ಟೇ ಕೈಗೆಟುಕುವಂತಿತ್ತು.

ಮೈಸೂರಿಗೆ ಇನ್ನೊಂದು ಕೊರತೆಯಿತ್ತು. ಅದಕ್ಕೆ ಸಮುದ್ರವೇ ಇರಲಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಹೊನ್ನಾವರ, ಭಟ್ಕಳ, ಮಂಗಳೂರು ಸೇರಿ ಇಡೀ ಕೆನರಾ ಕರಾವಳಿಯನ್ನು ಇಂಗ್ಲಿಷ್ ಕಂಪನಿ ತನ್ನ ಕೈಗೆ ತೆಗೆದುಕೊಂಡಿತ್ತು. ಮೈಸೂರಿನ ಸರಕು ಹಡಗು ಹತ್ತಬೇಕಾದರೆ ಬೇರೆಯವರ ನೆಲ ದಾಟಲೇಬೇಕು.

ಹಾಗಾದರೆ ಘಟ್ಟದ ಮೇಲಿನ ಸರಕಿಗೆ ಹತ್ತಿರದ ಬಂದರು ಯಾವುದು? ಕಾರವಾರ, ಅಲ್ವಾ? ಬ್ರಿಟಿಷರೂ ಹಾಗೇ ಯೋಚಿಸಿದ್ದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಎಲ್ಲರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಇಳಿಯುವುದಕ್ಕೆ ಕಾರವಾರವೇ ಸರಿ ಎಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1864ರಲ್ಲಿ ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭ ಬೆಳಗಿತು. ಕಾರವಾರ–ಹುಬ್ಬಳ್ಳಿ ರೈಲಿನ ಮಾತೂ ಅಂದಿನಿಂದಲೇ ಶುರು. ಇವತ್ತಿಗೂ ಮುಗಿದಿಲ್ಲ ಬಿಡಿ.

ಆಮೇಲೆ ಆಟ ಬದಲಾಯಿತು. 1878ರ ಕೊನೆಯಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡರು. ಗೋವಾ ಗಡಿಯ ಸುಂಕ ಹೋಯಿತು, ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತುವ ರೈಲು ಬಂತು. ಪೋರ್ಚುಗೀಸ್ ಸರ್ಕಾರ ಬಂಡವಾಳಕ್ಕೆ ಬಡ್ಡಿಯ ಖಾತ್ರಿ ಕೊಟ್ಟಿತು, ಇಂಗ್ಲಿಷ್ ಕಂಪನಿಯೊಂದು ಹಳಿ ಹಾಕಿತು. ಸುಮಾರು 82 ಕಿಲೋಮೀಟರ್ ಉದ್ದದ ಆ ಮೀಟರ್ ಗೇಜ್ ದಾರಿ 1888ರಲ್ಲಿ ಕ್ಯಾಸಲ್‌ರಾಕ್ ಮುಟ್ಟಿತು. ಅತ್ತ ಧಾರವಾಡವನ್ನೇ ಕೇಂದ್ರ ಮಾಡಿಕೊಂಡಿದ್ದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಹಳಿ ಲೋಂಡಾ ಕಡೆಯಿಂದ ಬಂದು ಅಲ್ಲೇ ಕೂಡಿಕೊಂಡಿತು.

ಇದೇ ಕಂಪನಿಗೆ ಮೈಸೂರೂ 1886ರಲ್ಲಿ ತನ್ನ ರೈಲನ್ನು ವಹಿಸಿತ್ತು. 1889ಕ್ಕೆ ಬೆಂಗಳೂರಿಂದ ಹರಿಹರದ ಮೂಲಕ ಹುಬ್ಬಳ್ಳಿ ಕಡೆಗೆ ಹಳಿ ಸೇರಿತು. ಎಲ್ಲವೂ ಮೀಟರ್ ಗೇಜ್. ಅಂದರೆ ಮೈಸೂರಲ್ಲಿ ತುಂಬಿದ ವ್ಯಾಗನ್ ಎಲ್ಲೂ ಸಾಮಾನು ಇಳಿಸದೆ ಮರ್ಮಗೋವಾ ತಲುಪಬಹುದಿತ್ತು. ಸಮುದ್ರವಿಲ್ಲದ ಸಂಸ್ಥಾನಕ್ಕೆ ಪೋರ್ಚುಗೀಸರ ಬಂದರು ಸಿಕ್ಕಿತು. ಕಾರವಾರ ದೀಪ ಹಚ್ಚಿಕೊಂಡು ಕಾಯುತ್ತಾ ಉಳಿಯಿತು. ತಮಾಷೆ ನೋಡಿ, ಕ್ಯಾಸಲ್‌ರಾಕ್ ಇರುವುದು ಉತ್ತರ ಕನ್ನಡದಲ್ಲೇ, ಈಗಿನ ಜೋಯಿಡಾ ತಾಲೂಕಿನಲ್ಲಿ. ಕಾರವಾರದ ವ್ಯಾಪಾರವನ್ನು ಕಸಿದುಕೊಂಡ ರೈಲು ನಮ್ಮ ಜಿಲ್ಲೆಯ ಕಾಡಿನೊಳಗೇ ಹಾದುಹೋಯಿತು. 1892ರಲ್ಲಿ ಒಪ್ಪಂದ ಮುಗಿದು ಸುಂಕ ಮತ್ತೆ ಬಂತು. ಹಳಿ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ. ಬಸ್ಸು ಅರಬೈಲ್ ಘಟ್ಟವನ್ನಾಗಲಿ ದೇವಿಮನೆ ಘಟ್ಟವನ್ನಾಗಲಿ ಉಸ್ಸಪ್ಪಾ ಅನ್ನುತ್ತಾ ಹತ್ತಿಬಿಡುತ್ತದೆ. ರೈಲಿಗೆ ಯಾಕೆ ಆಗುವುದಿಲ್ಲ? ಟೈರಿನ ರಬ್ಬರು ಒಣ ಡಾಂಬರನ್ನು ಚೆನ್ನಾಗಿ ಕಚ್ಚಿ ಹಿಡಿಯುತ್ತದೆ. ರೈಲಿನಲ್ಲಿ ಉಕ್ಕಿನ ಗಾಲಿ, ಉಕ್ಕಿನ ಹಳಿ. ಒಂದಕ್ಕೊಂದು ತಾಗುವ ಜಾಗ ಎಷ್ಟು ಗೊತ್ತಾ? ಒಂದು ರೂಪಾಯಿ ನಾಣ್ಯಕ್ಕಿಂತಲೂ ಚಿಕ್ಕದು. ಉರುಳುವುದಕ್ಕೆ ತಡೆ ತೀರಾ ಕಡಿಮೆ ಇರುವುದರಿಂದಲೇ ಸಮತಟ್ಟಿನಲ್ಲಿ ರೈಲಿನಷ್ಟು ಸಲೀಸು ಇನ್ನೊಂದಿಲ್ಲ. ಏರು ಬಂದಾಗ ಅದೇ ನುಣುಪು ಕೈಕೊಡುತ್ತದೆ.

100 ಟನ್ ತೂಕದ ಎಂಜಿನ್ ಇದೆ ಅಂದುಕೊಳ್ಳಿ. ಒಣ ಹಳಿಯ ಮೇಲೆ ತನ್ನ ತೂಕದ ಕಾಲು ಭಾಗದಷ್ಟು, ಅಂದರೆ ಸುಮಾರು 25 ಟನ್ ಬಲದಿಂದ ಅದು ಎಳೆಯಬಹುದು. ಅದಕ್ಕಿಂತ ಜಾಸ್ತಿ ಎಳೆದರೆ ಗಾಲಿ ಸುಮ್ನೆ ನಿಂತಲ್ಲೇ ಗರಗರ ತಿರುಗುತ್ತದೆ. ಸಮತಟ್ಟಿನಲ್ಲಿ ನಿಧಾನವಾಗಿ ಹೋಗುವಾಗ ಪ್ರತಿ ಟನ್ನಿಗೆ 3 ಕಿಲೋದಷ್ಟು ಎಳೆತ ಸಾಕು. ಆ ಲೆಕ್ಕದಲ್ಲಿ ಈ ಎಂಜಿನ್ 8000 ಟನ್ ಎಳೆದೀತು. ಈಗ 40 ಮೀಟರ್ ಹೋದರೆ 1 ಮೀಟರ್ ಏರುವ ದಾರಿಗೆ ಬನ್ನಿ. ನಮ್ಮ ಕಣ್ಣಿಗೆ ಅದು ಏರು ಅಂತಲೇ ಅನಿಸುವುದಿಲ್ಲ. ಆದರೆ ಪ್ರತಿ ಟನ್ನಿಗೆ ಇನ್ನೂ 25 ಕಿಲೋ ಸೇರಿತು. ಒಟ್ಟು 28. ಅದೇ ಎಂಜಿನ್ ಈಗ ತನ್ನ ತೂಕವೂ ಸೇರಿ 900 ಟನ್ನಿಗಿಂತ ಕಡಿಮೆ ಎಳೆಯುತ್ತದೆ. 1880ರ ದಶಕದ ಮೀಟರ್ ಗೇಜ್ ಹಬೆ ಎಂಜಿನ್ನುಗಳ ತೂಕವಂತೂ ಇದರ ಅರ್ಧದಷ್ಟೂ ಇರಲಿಲ್ಲ.

ಮೇಲೆ ನಮ್ಮ ಮಳೆಗಾಲ. ಹಳಿ ತೊಯ್ದು, ಅದರ ಮೇಲೆ ಕಾಡಿನ ಎಲೆ ಬಿದ್ದು ಗಾಲಿಯಡಿ ಅರೆದರೆ ಹಿಡಿತ ಇನ್ನೂ ಕುಸಿಯುತ್ತದೆ. ಅದಕ್ಕೇ ಎಂಜಿನ್ನಿನಲ್ಲಿ ಮರಳಿನ ಪೆಟ್ಟಿಗೆ ಇರುತ್ತದೆ. ಚೆನ್ನಾಗಿ ಒಣಗಿಸಿದ ಮರಳನ್ನು ಸಣ್ಣ ಕೊಳವೆಯಲ್ಲಿ ಗಾಲಿಯ ಮುಂದೆಯೇ ಉದುರಿಸುತ್ತಾರೆ. ಹಬೆ ಎಂಜಿನ್ನಿನಲ್ಲೂ ಇತ್ತು, ಇವತ್ತಿನ ಎಂಜಿನ್ನಿನಲ್ಲೂ ಇದೆ.

ಕ್ಯಾಸಲ್‌ರಾಕಿನಿಂದ ಕುಳೆಂವರೆಗಿನ ಬ್ರಗಾಂಜಾ ಘಟ್ಟದ ಇಳಿಜಾರು ಈಗ 37ಕ್ಕೆ 1. ಅಲ್ಲಿ ಸರಕಿನ ಗಾಡಿಗೆ ಮುಂದೆ ಎಂಜಿನ್ನುಗಳಿದ್ದರೂ ಸಾಲದು, ಹಿಂದಿನಿಂದ ತಳ್ಳುವುದಕ್ಕೂ ಬೇಕು. ಈ ತಳ್ಳುವ ಎಂಜಿನ್ನಿಗೆ ರೈಲಿನವರು ಬ್ಯಾಂಕರ್ ಅನ್ನುತ್ತಾರೆ. ಇಳಿಯುವಾಗ ಭಯ ಇನ್ನೂ ಜಾಸ್ತಿ. ಘಟ್ಟದ ದಾರಿಗಳಲ್ಲಿ ಕ್ಯಾಚ್ ಸೈಡಿಂಗ್ ಅಂತ ಒಂದು ಕವಲು ಹಳಿ ಮಾಡಿರುತ್ತಾರೆ. ಅದು ಮುಖ್ಯ ದಾರಿಯಿಂದ ಒಡೆದು ಗುಡ್ಡದ ಕಡೆ ಮೇಲಕ್ಕೆ ಹೋಗಿ ಮುಗಿಯುತ್ತದೆ. ದಾರಿ ಯಾವಾಗಲೂ ಆ ಕವಲಿಗೇ ತಿರುಗಿರುತ್ತದೆ. ಇಳಿದು ಬಂದ ಗಾಡಿ ನಿಂತು, ಬ್ರೇಕು ತನ್ನ ಕೈಯಲ್ಲಿದೆ ಅಂತ ತೋರಿಸಿದ ಮೇಲೇ ಮುಖ್ಯ ದಾರಿ ಕೊಡುತ್ತಾರೆ. ಬ್ರೇಕು ತಪ್ಪಿದ ಗಾಡಿ ಏರು ಹತ್ತಿ ತಾನಾಗಿ ನಿಲ್ಲುತ್ತದೆ. ಗುರುತ್ವಾಕರ್ಷಣೆಯನ್ನೇ ಬ್ರೇಕು ಮಾಡಿಕೊಂಡವರ ಬುದ್ಧಿ ಮೆಚ್ಚಬೇಕು.

ತಾಳಗುಪ್ಪದ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಬೆಟ್ಟದಲ್ಲಿ ರೈಲಿನವರು ಮೊದಲು ನದಿಯ ಕಣಿವೆ ಹುಡುಕುತ್ತಾರೆ, ಯಾಕೆಂದರೆ ನೀರು ಆಗಲೇ ಇಳಿಜಾರು ಕೊರೆದಿರುತ್ತದೆ. ನಮ್ಮಲ್ಲಿ ಈ ಉಪಾಯ ನಡೆಯುವುದು ಕಷ್ಟ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮದ ಅಂಚಿನಿಂದ ಕಿತ್ತುಕೊಂಡು ಹೋಯಿತು. ಆಗ ಒಡೆದ ಅಂಚು ಸವೆಯುತ್ತಾ ಸವೆಯುತ್ತಾ ಪೂರ್ವಕ್ಕೆ ಸರಿದು ಇವತ್ತಿನ ಘಟ್ಟವಾಗಿದೆ. ಮೇಲೆ ಬಯಲು, ಕೆಳಗೆ ಕರಾವಳಿ, ನಡುವೆ ಗೋಡೆಯಂಥ ಇಳಿಜಾರು. ಆ ಗೋಡೆಯನ್ನು ನದಿಗಳಿಗೇ ಇನ್ನೂ ಪೂರ್ತಿ ಕೊರೆಯಲು ಆಗಿಲ್ಲ. ಅದಕ್ಕೇ ಬೇಡ್ತಿ ಮಾಗೋಡಿನಲ್ಲಿ ಧುಮುಕುತ್ತದೆ, ಅಘನಾಶಿನಿ ಉಂಚಳ್ಳಿಯಲ್ಲಿ, ಶರಾವತಿ ಜೋಗದಲ್ಲಿ. ನಾವು ಮಳೆಗಾಲದಲ್ಲಿ ನೋಡಲು ಹೋಗುವ ಜಾಗಗಳೆಲ್ಲ ರೈಲು ಎಂಜಿನಿಯರ್ ತಲೆ ಮೇಲೆ ಕೈ ಹೊತ್ತು ಕೂರುವ ಜಾಗಗಳು.

ಜೋಗದ ಎತ್ತರ 253 ಮೀಟರ್. ನೀರು ಕೆಲವೇ ಸೆಕೆಂಡಿನಲ್ಲಿ ಇಳಿಯುತ್ತದೆ. ರೈಲು 40ಕ್ಕೆ 1ರ ಇಳಿಜಾರಿನಲ್ಲಿ ಅಷ್ಟೇ ಎತ್ತರ ಇಳಿಯಲು 10 ಕಿಲೋಮೀಟರ್ ಹಳಿ ಬೇಕು. ಕೊಂಕಣ ರೈಲಿಗೆ ಇಟ್ಟುಕೊಂಡ ಮಿತಿ 150ಕ್ಕೆ 1. ಆ ಮಿತಿಯಲ್ಲಾದರೆ ಸುಮಾರು 38 ಕಿಲೋಮೀಟರ್. ಅದೂ ಜೋಗದ ಒಂದು ಧುಮುಕಿಗೆ ಮಾತ್ರ. ಜಲಪಾತದ ಬುಡ ಇನ್ನೂ ಸಮುದ್ರ ಮಟ್ಟ ಅಲ್ಲವಲ್ಲ.

ಮೈಸೂರಿನವರಿಗೆ ಸಮುದ್ರದ ಆಸೆ ಹೋಗಿರಲಿಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಭಟ್ಕಳದಲ್ಲಿ ಬಂದರು ಬೆಳೆಸಿ ಅಲ್ಲಿಗೆ ರೈಲು ಒಯ್ಯುವ ಯೋಜನೆ ಹಿಡಿದಿದ್ದರು. ಭಟ್ಕಳ ಮುಂಬೈ ಪ್ರಾಂತ್ಯದ್ದು. ಬೇರೆಯವರ ಒಪ್ಪಿಗೆ ಬೇಕಿತ್ತು, ಹಣ ಬೇಕಿತ್ತು, ಘಟ್ಟ ಇಳಿಯಬೇಕಿತ್ತು. ಅದು ಕೈಗೂಡಲಿಲ್ಲ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದಿದ್ದ ಹಳಿಯನ್ನು ಸಂಸ್ಥಾನ 1930ರ ದಶಕದಲ್ಲಿ ಸಾಗರದ ಕಡೆ ಬೆಳೆಸಿ ಕೊನೆಗೆ ತಾಳಗುಪ್ಪದವರೆಗೆ ಒಯ್ದಿತು. 1939ರಲ್ಲಿ ಜೋಗದ ವಿದ್ಯುತ್ ಕೆಲಸ ಶುರುವಾಗಿ 1948ರಲ್ಲಿ ಕರೆಂಟು ಬಂತು. ರೈಲನ್ನು ತಡೆದ ಅದೇ ಎತ್ತರ ಟರ್ಬೈನು ತಿರುಗಿಸಿತು. ನನಗೆ ಇದು ಸೋಲು ಅಂತ ಅನಿಸುವುದಿಲ್ಲ. ಮೈಸೂರಿನವರು ಅಂಚಿಗೆ ಬಂದು, ಅಲ್ಲಿ ಏನು ಸಿಗುತ್ತದೋ ಅದನ್ನು ಚೆನ್ನಾಗಿಯೇ ಬಳಸಿಕೊಂಡರು.

1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಕಾರವಾರಕ್ಕೆ ಕೊನೆಗೂ ಮುಂಬೈ–ಮಂಗಳೂರು ರೈಲು ಸಿಕ್ಕಿತು. ಅದು ಘಟ್ಟ ಹತ್ತುವ ಗೋಜಿಗೇ ಹೋಗದೆ ಕರಾವಳಿಯ ಉದ್ದಕ್ಕೂ ಓಡುತ್ತದೆ. ಅದರ ಅತಿ ಉದ್ದದ ಸೇತುವೆ ಹೊನ್ನಾವರದಲ್ಲಿ ಶರಾವತಿಗೆ ಅಡ್ಡಲಾಗಿದೆ, 2 ಕಿಲೋಮೀಟರಿಗಿಂತ ಜಾಸ್ತಿ. ಜೋಗದಲ್ಲಿ ಮೈಸೂರಿನ ರೈಲನ್ನು ನಿಲ್ಲಿಸಿದ ನದಿಯೇ ಅದು.

ಘಟ್ಟ ಇಳಿಯುವ ಮಾತು ಬಂದಾಗ ಈಗ ಹುಬ್ಬಳ್ಳಿ–ಅಂಕೋಲಾ ದಾರಿಯ ಹೆಸರು ಕೇಳುತ್ತೇವೆ. ಅದರ ಸುತ್ತ ನಡೆಯುವ ವಾದ ಕಾಡು ಕಡಿಯುವುದರ ಬಗ್ಗೆ. ಲೆಕ್ಕ ಮಾತ್ರ ಹಳೆಯದೇ. ಆ ದಾರಿಯಲ್ಲಿ ಬರುವ ಯಲ್ಲಾಪುರ ಸಮುದ್ರ ಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ. 40ಕ್ಕೆ 1ರಂತೆ ಇಳಿದರೆ ಬರೀ ಇಳಿಜಾರೇ 22 ಕಿಲೋಮೀಟರ್. ಬ್ಯಾಂಕರ್ ಬೇಡ, 100ಕ್ಕೆ 1 ಮಾಡಿ ಅಂದರೆ 54. ಇಳಿಜಾರು ಸಲೀಸಾದಷ್ಟೂ ದಾರಿ ಉದ್ದ, ದಾರಿ ಉದ್ದವಾದಷ್ಟೂ ಬೀಳುವ ಮರ ಜಾಸ್ತಿ. ಮರ ಉಳಿಸಬೇಕು ಅಂದರೆ ಸುರಂಗ ಕೊರೆಯಬೇಕು, ಅದಕ್ಕೆ ದುಡ್ಡು ಜಾಸ್ತಿ. ಹಾಗಾಗಿ ಈ ದಾರಿಯ ಸುದ್ದಿ ಪೇಪರಿನಲ್ಲಿ ಬಂದಾಗ ನಾನು ಮೊದಲು ಹುಡುಕುವುದು ಇಳಿಜಾರು ಎಷ್ಟಕ್ಕೆ 1 ಅನ್ನುವುದನ್ನ. ಅದನ್ನೇ ಬರೆದಿರುವುದಿಲ್ಲ.