ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಕೆಟ್ಟ ರ‍್ಯಾಮ್ ಹಿಡಿದ ಕತೆ

ಹೋದ ವರ್ಷ ನಮ್ಮ ಮನೆ ಡೆಸ್ಕ್‌ಟಾಪಿಗೆ ಒಂದು ವಿಚಿತ್ರ ಕಾಯಿಲೆ ಶುರುವಾಯಿತು. ಒಂದು ದಿನ ಬ್ರೌಸರ್ ತೆರೆಯುತ್ತಿದ್ದಂತೆ ನೀಲಿ ಪರದೆ. ಮರುದಿನ ಸುಮ್ನೆ ಬಿಟ್ಟಿದ್ದಾಗಲೇ ರೀಸ್ಟಾರ್ಟ್. ಆಮೇಲೆ ನಾಲ್ಕು ದಿನ ತೆಪ್ಪಗಿತ್ತು. ನೀಲಿ ಪರದೆಯ ಮೇಲೆ ಬರುವ ಹೆಸರೂ ಪ್ರತಿ ಸಲ ಬೇರೆ. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’, ಒಮ್ಮೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ಇನ್ನೊಮ್ಮೆ ಯಾವುದೋ ಡ್ರೈವರ್ (ಕಂಪ್ಯೂಟರಿನ ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಹೆಸರು.

ರಿಪೇರಿ ಅಂಗಡಿಯ ಹುಡುಗ ನೋಡಿದ ಕೂಡಲೇ ಹೇಳಿದ: “ವಿಂಡೋಸ್ ಕರಪ್ಟ್ ಆಗಿದೆ ಸರ್, ಫಾರ್ಮ್ಯಾಟ್ ಮಾಡ್ಬಿಡೋಣ.” ಮಾಡಿಸಿದೆ. ಒಂದು ವಾರಕ್ಕೆ ಅದೇ ಕತೆ. ಎರಡನೇ ಸಲ ನಾನೇ ವಿಂಡೋಸ್ ಹಾಕಲು ಕೂತೆ. ಇನ್‌ಸ್ಟಾಲ್ ಆಗುತ್ತಾ 41 ಪರ್ಸೆಂಟಿಗೆ ನಿಂತು, ಫೈಲ್ ಸರಿಯಿಲ್ಲ ಅಂದಿತು. ಅದೇ ಪೆನ್ ಡ್ರೈವಿನಿಂದ ಮತ್ತೆ ಹಾಕಿದೆ. ಈ ಸಲ 67ಕ್ಕೆ ನಿಂತಿತು. ಫೈಲೇ ಕೆಟ್ಟಿದ್ದರೆ ಎರಡು ಸಲವೂ ಒಂದೇ ಕಡೆ ನಿಲ್ಲಬೇಕಿತ್ತು, ಅಲ್ವಾ? ನನಗೆ ರ‍್ಯಾಮ್ ಮೇಲೆ, ಅಂದರೆ ಓಡುತ್ತಿರುವ ಪ್ರೋಗ್ರಾಂಗಳೂ ಫೈಲುಗಳೂ ಆ ಹೊತ್ತಿಗೆ ಕೂರುವ ಮೆಮೊರಿಯ ಮೇಲೆ, ಅನುಮಾನ ಬಂದದ್ದು ಆಗಲೇ. ಅಲ್ಲಿವರೆಗೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾ ಇದ್ದೆವು.

ಕೆಟ್ಟ ರ‍್ಯಾಮ್ ಯಾಕೆ ಹೀಗೆ ವೇಷ ಬದಲಿಸುತ್ತದೆ? ಒಂದು ಲಾಡ್ಜಿನ 7ನೇ ರೂಮಿನ ಸೂರು ಸೋರುತ್ತದೆ ಅಂದುಕೊಳ್ಳಿ. ಸೋರುವುದು ಯಾವಾಗಲೂ ಅದೇ ರೂಮು. ಆದರೆ ದಿನಕ್ಕೊಬ್ಬರು ಅಲ್ಲಿ ಉಳಿಯುವುದರಿಂದ ದೂರು ಮಾತ್ರ ದಿನಾ ಬೇರೆಯವರದು. ರ‍್ಯಾಮಿನಲ್ಲೂ ಹಾಗೇ. ಕೆಟ್ಟ ಜಾಗ ಕದಲುವುದಿಲ್ಲ. ಇವತ್ತು ಅಲ್ಲಿ ಬ್ರೌಸರ್ ಕೂತಿದ್ದರೆ ಬ್ರೌಸರ್ ಬೀಳುತ್ತದೆ, ನಾಳೆ ಡ್ರೈವರ್ ಕೂತರೆ ಇಡೀ ವಿಂಡೋಸೇ ಬೀಳುತ್ತದೆ. ಯಾರೂ ಇಳಿದುಕೊಳ್ಳದ ದಿನ ಏನೂ ಆಗುವುದಿಲ್ಲ. ಪ್ರತಿ ಸಲವೂ ಒಂದೇ ಫೈಲಿನ ಹೆಸರು ಹೇಳಿ ಬೀಳುವ ಕಂಪ್ಯೂಟರಿನಲ್ಲಿ ಮೊದಲು ಆ ಸಾಫ್ಟ್‌ವೇರ್ ನೋಡಬೇಕು. ದಿನಕ್ಕೊಂದು ನೆಪ ಹೇಳುವ ಕಂಪ್ಯೂಟರಿನಲ್ಲಿ ಮಾತ್ರ ರ‍್ಯಾಮ್ ನೋಡಬೇಕು.

ಸೋರುವುದು ಅಂದದ್ದು ಬರೀ ಹೋಲಿಕೆಗಲ್ಲ. ಈಗಿನ ರ‍್ಯಾಮ್‌ನ ಮೂಲ ವಿನ್ಯಾಸ ಐಬಿಎಂನ ರಾಬರ್ಟ್ ಡೆನಾರ್ಡ್ ಅವರದು. ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಒಂದೊಂದು ಬಿಟ್‌ಗೂ ಒಂದು ಪುಟಾಣಿ ಕೆಪಾಸಿಟರ್, ಅದಕ್ಕೊಂದು ಬಾಗಿಲಿನಂತೆ ಒಂದು ಟ್ರಾನ್ಸಿಸ್ಟರ್. ವಿದ್ಯುತ್ ತುಂಬಿದ್ದರೆ ಒಂದು, ಖಾಲಿಯಾಗಿದ್ದರೆ ಸೊನ್ನೆ. ಕೆಪಾಸಿಟರ್ ಮಾತ್ರ ತೂತು ಬಿಂದಿಗೆ, ತುಂಬಿದ್ದು ನಿಲ್ಲುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಬಿಂದಿಗೆಯನ್ನೂ ಓದಿ, ಮತ್ತೆ ತುಂಬಿಸಬೇಕು. ಅಂದರೆ ಸೆಕೆಂಡಿಗೆ 15 ಸಲಕ್ಕೂ ಜಾಸ್ತಿ. 8 ಜಿಬಿ ರ‍್ಯಾಮ್‌ನಲ್ಲಿ ಇಂಥ ಬಿಂದಿಗೆಗಳು 6,800 ಕೋಟಿಗೂ ಹೆಚ್ಚು! ಅದರಲ್ಲಿ ಒಂದರ ತೂತು ಸ್ವಲ್ಪ ದೊಡ್ಡದಾಗಿದ್ದರೂ, ಮತ್ತೆ ತುಂಬಿಸುವ ಹೊತ್ತಿಗೆ ಅದು ಖಾಲಿಯಾಗಿರುತ್ತದೆ. ಬಿಸಿ ಏರಿದಷ್ಟೂ ಸೋರಿಕೆ ಜಾಸ್ತಿ. ಬೆಳಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಕೈಕೊಡುವುದಕ್ಕೆ ಇದೂ ಒಂದು ಕಾರಣ.

ಒಂದೇ ಒಂದು ಬಿಟ್ ತಾನೇ, ಏನು ಮಹಾ ಅನ್ನಬೇಡಿ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಯೂನಿಕೋಡ್‌ನಲ್ಲಿ ‘ಕ’ ಅಕ್ಷರದ ನಂಬರ್ 3221, ‘ಗ’ದ್ದು 3223. ಬಿಟ್‌ಗಳಲ್ಲಿ ಬರೆದರೆ ‘ಕ’ ಕೊನೆಗೊಳ್ಳುವುದು 0101 ಎಂದು, ‘ಗ’ ಕೊನೆಗೊಳ್ಳುವುದು 0111 ಎಂದು. ನಡುವಿನ ಒಂದು ಸೊನ್ನೆ ಮಗುಚಿದರೆ ಸಾಕು, ‘ನಿನ್ನೆ ಕಂಡ’ ಎಂದು ಬರೆದದ್ದು ‘ನಿನ್ನೆ ಗಂಡ’ ಆಗುತ್ತದೆ. ನಗಬಹುದು. 2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್ ಎಂಬಲ್ಲಿ ಯಾರೂ ನಗಲಿಲ್ಲ. ಎಲೆಕ್ಟ್ರಾನಿಕ್ ಮತದಾನದಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4096 ಮತ ಹೆಚ್ಚಿಗೆ ಬಿದ್ದಿತ್ತು. 4096 ಅಂದರೆ ಎರಡನ್ನು ಎರಡರಿಂದ ಗುಣಿಸುತ್ತಾ ಹೋದರೆ ಸಿಗುವ ಸಂಖ್ಯೆ, ಅಂದರೆ ಒಂದೇ ಬಿಟ್‌ನ ಬೆಲೆ. ಪ್ರೋಗ್ರಾಂನಲ್ಲಿ ತಪ್ಪು ಸಿಗಲಿಲ್ಲ. ಬಿಟ್ ತಾನಾಗಿಯೇ ಮಗುಚಿರಬೇಕು ಎಂದು ತಜ್ಞರು ತೀರ್ಮಾನಿಸಿದರು.

ಸರಿ, 6,800 ಕೋಟಿ ಬಿಂದಿಗೆಯಲ್ಲಿ ತೂತಿರುವುದನ್ನು ಹುಡುಕುವುದು ಹೇಗೆ? ವಿಂಡೋಸ್‌ನಲ್ಲೇ ‘ಮೆಮೊರಿ ಡಯಾಗ್ನೋಸ್ಟಿಕ್’ ಎಂಬುದು ಇದೆ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಸಿಗುತ್ತದೆ. ನನಗೆ ಜಾಸ್ತಿ ನಂಬಿಕೆ ಮೆಮ್‌ಟೆಸ್ಟ್86 ಪ್ಲಸ್ ಮೇಲೆ. ಪುಕ್ಕಟೆ ಸಿಗುತ್ತದೆ, ಪೆನ್ ಡ್ರೈವಿಗೆ ಹಾಕಿಕೊಂಡು ಅದರಿಂದಲೇ ಬೂಟ್ ಮಾಡಬೇಕು. ವಿಂಡೋಸ್ ಓಡುತ್ತಿದ್ದರೆ ರ‍್ಯಾಮ್‌ನ ಒಂದಷ್ಟು ಜಾಗ ಅದರದ್ದೇ ಆಗಿರುತ್ತದೆ, ಅಲ್ಲಿ ಪರೀಕ್ಷೆ ಮಾಡಲಾಗುವುದಿಲ್ಲ. ಜನ ಕೂತಿರುವಾಗ ಕೋಣೆ ಗುಡಿಸಿದಂತೆ. ಮೆಮ್‌ಟೆಸ್ಟ್ ಎಲ್ಲ ಕಡೆ ಒಂದು ಬರೆಯುತ್ತದೆ, ಓದುತ್ತದೆ. ಸೊನ್ನೆ ಬರೆಯುತ್ತದೆ, ಓದುತ್ತದೆ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಪಕ್ಕದ ಬಿಟ್‌ನಲ್ಲಿ ಏನಿದೆ ಅನ್ನುವುದರ ಮೇಲೂ ಕೆಲವು ತಪ್ಪುಗಳು ನಿಂತಿರುತ್ತವೆ, ಅದಕ್ಕೇ ಇಷ್ಟು ಬಗೆ. ಹತ್ತು ನಿಮಿಷ ನೋಡಿ ಪಾಸ್ ಅನ್ನಬೇಡಿ. ರಾತ್ರಿಯಿಡೀ ಬಿಡಿ.

ನಾನು ರಾತ್ರಿ ಬಿಟ್ಟು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಪರದೆ ತುಂಬ ಕೆಂಪು ಸಾಲುಗಳು. ಪ್ರತಿ ಸಾಲಲ್ಲೂ ಹೆಚ್ಚೂ ಕಡಿಮೆ ಅದೇ ವಿಳಾಸ. 32 ಒಂದುಗಳಿರಬೇಕಾದ ಕಡೆ 31 ಒಂದು, ಒಂದು ಸೊನ್ನೆ. ಸೊನ್ನೆ ಬಿದ್ದ ಜಾಗವೂ ಅದೇ.

ಇಷ್ಟಕ್ಕೇ ರ‍್ಯಾಮ್ ಎಸೆಯಬಾರದು. ಅದನ್ನು ಸಿಕ್ಕಿಸುವ ಸ್ಲಾಟ್ ಕೆಟ್ಟಿದ್ದರೂ ಹೀಗೇ ಕಾಣುತ್ತದೆ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯಲ್ಲಿರುವ ಸ್ಟ್ಯಾಟಿಕ್ ಕಳೆದುಕೊಂಡು, ಎರಡು ರ‍್ಯಾಮ್ ಕಡ್ಡಿಗಳಲ್ಲಿ ಒಂದನ್ನು ಬಿಚ್ಚಿಟ್ಟೆ. ಉಳಿದದ್ದು ಪಾಸ್. ಅದನ್ನು ತೆಗೆದು, ಅದೇ ಸ್ಲಾಟಿಗೆ ಇನ್ನೊಂದನ್ನು ಹಾಕಿದೆ, ಫೇಲ್. ಬೇರೆ ಸ್ಲಾಟಿಗೆ ಹಾಕಿದರೂ ಫೇಲ್. ತಪ್ಪು ಕಡ್ಡಿಯದ್ದೇ. ಅಂಗಡಿಗಳಲ್ಲಿ ರಬ್ಬರಿನಿಂದ ಚಿನ್ನದ ಬಣ್ಣದ ಕಾಲುಗಳನ್ನು ಉಜ್ಜುತ್ತಾರಲ್ಲ, ಅದೂ ಮಾಡಿ ನೋಡಿದೆ. ಕೊಳೆಯಿಂದ ಸಂಪರ್ಕ ತಪ್ಪಿದ್ದರೆ ಅದು ಕೆಲಸ ಮಾಡುತ್ತದೆ, ಆದರೆ ಜೋರಾಗಿ ಉಜ್ಜಿದರೆ ಚಿನ್ನದ ಲೇಪವೇ ಹೋಗುತ್ತದೆ. ಚಿಪ್ಪೊಳಗಿನ ತೂತನ್ನಂತೂ ರಬ್ಬರ್ ಮುಚ್ಚುವುದಿಲ್ಲ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ ಆನ್ ಆಗಿದ್ದರೆ ಆಫ್ ಮಾಡಿಯೂ ಒಮ್ಮೆ ಪರೀಕ್ಷಿಸಿ. ರ‍್ಯಾಮನ್ನು ಜೋರಾಗಿ ಓಡಿಸುವ ಸೆಟ್ಟಿಂಗ್ ಅದು. ವೇಗ ಇಳಿಸಿದ ಕೂಡಲೇ ಸರಿಹೋಗುವ ಕಂಪ್ಯೂಟರ್‌ಗಳಿವೆ.

ನನ್ನಂಥವನು ಮೂರು ವಾರ ಮೋಸಹೋದದ್ದು ದೊಡ್ಡದಲ್ಲ. ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನ ತಿರುಳು, ಅಂದರೆ ಕರ್ನಲ್, ಬರೆದ ಲೈನಸ್ ಟೋರ್ವಾಲ್ಡ್ಸ್ ಅವರ ಡೆಸ್ಕ್‌ಟಾಪೇ 2022ರ ಅಕ್ಟೋಬರ್‌ನಲ್ಲಿ ಹೀಗೆ ಕೈಕೊಟ್ಟಿತು. ಅವರೂ ಮೊದಲು ಕರ್ನಲ್ಲನ್ನೇ ಅನುಮಾನಿಸಿದರು, ಕೊನೆಗೆ ಸಿಕ್ಕಿದ್ದು ಕೆಟ್ಟ ರ‍್ಯಾಮ್. ಅವರ ಯಂತ್ರದಲ್ಲಿ ಇಸಿಸಿ ರ‍್ಯಾಮ್ ಇರಲಿಲ್ಲ. ಇಸಿಸಿಯಲ್ಲಿ ಪ್ರತಿ 64 ಬಿಟ್‌ಗೆ 8 ಬಿಟ್ ಕಾವಲು ಇರುತ್ತದೆ. ಒಂದು ಬಿಟ್ ಮಗುಚಿದರೆ ಅಲ್ಲೇ ಸರಿಮಾಡುತ್ತದೆ, ಎರಡು ಮಗುಚಿದರೆ ಹೇಳುತ್ತದೆ. ಸರ್ವರ್‌ಗಳಲ್ಲಿ ಇದು ಮಾಮೂಲು. ಮನೆ ಕಂಪ್ಯೂಟರುಗಳಲ್ಲಿ ನಾಲ್ಕು ಕಾಸು ಉಳಿಸಲು ಬಿಟ್ಟುಬಿಡುತ್ತಾರೆ, ನನಗಂತೂ ಇದು ಜಿಪುಣತನ ಅನಿಸುತ್ತದೆ.

ಹೊಸ ಕಡ್ಡಿ ಹಾಕಿದ ಮೇಲೆ ಕಂಪ್ಯೂಟರ್ ಒಮ್ಮೆಯೂ ಬಿದ್ದಿಲ್ಲ. ಆದರೆ ಆ ಮೂರು ವಾರದಲ್ಲಿ ಎಕ್ಸ್‌ಟರ್ನಲ್ ಡಿಸ್ಕಿಗೆ ಏನೇನು ಕಾಪಿ ಮಾಡಿದ್ದೆನೋ ಅದೆಲ್ಲ ಹೋದದ್ದು ಆ ಸೋರುವ ರೂಮಿನ ಮೂಲಕವೇ. ಅತ್ತೆಯ ಮಗಳ ಮದುವೆಯ ಫೋಟೊಗಳಲ್ಲಿ ಹನ್ನೊಂದು ಹೀಗಿವೆ: ಅರ್ಧದವರೆಗೆ ಮಂಟಪ, ತೋರಣ ಎಲ್ಲ ಸರಿಯಾಗಿದೆ. ಅಲ್ಲಿಂದ ಕೆಳಗೆ ಮದುಮಗಳು ಒಂದಡಿ ಬಲಕ್ಕೆ ಸರಿದು, ಹಸಿರು ಬಣ್ಣಕ್ಕೆ ತಿರುಗಿದ್ದಾಳೆ. ಫೋನಿನಲ್ಲಿದ್ದ ಮೂಲ ಫೋಟೊಗಳನ್ನು, ಕಾಪಿ ಆಯಿತಲ್ಲ ಅಂತ, ಅವತ್ತೇ ಅಳಿಸಿದ್ದೆ.