ಹಳೇ ಚರ್ಚಿಗೆ ಸಿಮೆಂಟ್ ಗಿಲಾವು ಮಾಡಿಸಿದರೂ ಗೋಡೆ ಯಾಕೆ ಒದ್ದೆ?

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಹಳೇ ಚರ್ಚಿನ ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತಿತ್ತು. ಸಭೆಯವರೆಲ್ಲ ಹಣ ಕೂಡಿಸಿ ಸಿಮೆಂಟ್ ಗಿಲಾವು ಮಾಡಿಸಿ, ಪೇಂಟ್ ಹೊಡೆಸಿದೆವು. ಈಗ ಪೇಂಟ್ ಎದ್ದು ಬರುತ್ತಿದೆ, ಒದ್ದೆ ಮೊದಲಿಗಿಂತ ಮೇಲೆ ಏರಿದೆ. ಇನ್ನೂ ಗಟ್ಟಿ ಸಿಮೆಂಟ್ ಹಾಕಿಸಬೇಕಾ?

ಉತ್ತರ: ದಯವಿಟ್ಟು ಬೇಡ. ಒದ್ದೆ ಮೇಲೆ ಏರುತ್ತಿರುವುದೇ ಆ ಸಿಮೆಂಟಿನಿಂದ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಗದಗಿನ ಮಗ್ಗುಲಿನ ಬೆಟಗೇರಿಗೆ 1841ರಲ್ಲಿ ಬಂದರು. ಆಗ ಈ ಕಡೆ ಗಟ್ಟಿ ಕಟ್ಟಡ ಅಂದರೆ ಕಲ್ಲು, ಇಟ್ಟಿಗೆ, ಸುಣ್ಣದ ಗಾರೆ. ಚರ್ಚ್ ಇರಲಿ, ವಾಡೆ ಇರಲಿ, ಕಟ್ಟುವವರು ನಮ್ಮ ಗೌಂಡಿಗಳೇ ಅಲ್ವಾ? ಅವರಿಗೆ ಗೊತ್ತಿದ್ದದ್ದು ಸುಣ್ಣ.

ಅಂಥ ಗೋಡೆಗಳ ಬುಡದಲ್ಲಿ ನೀರು ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ನೆಲದ ತೇವ ಗೋಡೆಯೊಳಗೆ ಏರುತ್ತದೆ. ಸುಣ್ಣದ ಗಿಲಾವಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ, ತೇವ ಅಲ್ಲಿಂದಲೇ ಆರಿ ಹೋಗುತ್ತದೆ. ಸಿಮೆಂಟ್ ಗಿಲಾವು, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಿದ್ದರೆ ಆ ದಾರಿ ಬಂದ್. ಹೊರಗೆ ಹೋಗಲಾಗದ ನೀರು ಮೇಲೆ ಹತ್ತುತ್ತದೆ. ಒಳಗೆ ಹಳೇ ಕಲ್ಲಿನ ನೆಲದ ಮೇಲೆ ನುಣುಪು ಟೈಲ್ಸ್ ಹಾಕಿಸಿದ್ದರೆ ಇನ್ನೂ ಕಷ್ಟ. ನೆಲದಿಂದ ಆರಬೇಕಾದ ತೇವವೂ ಗೋಡೆ ಕಡೆಗೆ ತಿರುಗುತ್ತದೆ.

ಪೇಂಟ್ ಉಬ್ಬಿದ ಜಾಗವನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಪಟಕ್ಕನೆ ಒಡೆದು ಬಿಳಿ ಪುಡಿ ಉದುರಿದರೆ, ಅದು ಉಪ್ಪು. ನೀರಿನ ಜೊತೆ ಮೇಲೆ ಬಂದು, ನೀರು ಆರಿದಾಗ ಹರಳುಗಟ್ಟಿದ್ದು. ಆ ಹರಳು ಬೆಳೆಯುತ್ತಾ ಇಟ್ಟಿಗೆಯ ಮೈಯನ್ನೇ ಒಡೆಯುತ್ತದೆ. ಸಿಮೆಂಟ್ ಗಟ್ಟಿ, ಹಳೇ ಇಟ್ಟಿಗೆ ಮೆತ್ತಗೆ. ಹೀಗಾಗಿ ಹಾಳಾಗುವುದು ಇಟ್ಟಿಗೆಯೇ. ಸುಣ್ಣದ ಗಿಲಾವಾದರೆ ತಾನು ಉದುರಿ ಇಟ್ಟಿಗೆಯನ್ನು ಉಳಿಸುತ್ತದೆ. ಗಿಲಾವನ್ನು ಮತ್ತೆ ಮಾಡಬಹುದು, ನೂರೈವತ್ತು ವರ್ಷದ ಇಟ್ಟಿಗೆಯನ್ನು ಎಲ್ಲಿಂದ ತರುವುದು?

ನಮ್ಮ ಎರಿ ಮಣ್ಣನ್ನೂ, ಅಂದರೆ ಈ ಕಡೆಯ ಕಪ್ಪು ಮಣ್ಣನ್ನೂ, ಮರೆಯಬೇಡಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗೋಡೆ ಸ್ವಲ್ಪ ಸ್ವಲ್ಪ ಅಲುಗುತ್ತಲೇ ಇರುತ್ತದೆ. ಸುಣ್ಣದ ಗಾರೆ ಅದನ್ನು ತಾಳಿಕೊಳ್ಳುತ್ತದೆ, ಕೂದಲೆಳೆಯ ಬಿರುಕುಗಳನ್ನು ಕಾಲಕ್ರಮೇಣ ತಾನೇ ಮುಚ್ಚಿಕೊಳ್ಳುವುದೂ ಉಂಟು. ಸಿಮೆಂಟ್ ಬಗ್ಗುವುದಿಲ್ಲ, ಸೀಳುತ್ತದೆ. ಆ ಸೀಳಿನಿಂದ ಮಳೆನೀರು ಒಳಗೆ ಹೋಗುತ್ತದೆ. ಬೆರಳು ಹೋಗುವಷ್ಟು ದೊಡ್ಡ ಬಿರುಕಿದ್ದರೆ ಮಾತ್ರ ಮೊದಲು ಇಂಜಿನಿಯರ್‌ಗೆ ತೋರಿಸಿ.

ಹಾಗಾದರೆ ಏನು ಮಾಡಬೇಕು? ಗೋಡೆಗೆ ಕೈ ಹಾಕುವ ಮುಂಚೆ ನೀರಿನ ಮೂಲ ನೋಡಿ. ಒಡೆದ ಮಂಗಳೂರು ಹಂಚು ಬದಲಿಸಿ. ಸೂರಿನ ನೀರು ಬುಡದಲ್ಲಿ ನಿಲ್ಲದಂತೆ ಗಟಾರ ತೆಗೆಸಿ. ಗೋಡೆಗೆ ತಾಗಿಸಿ ಹಾಕಿದ ಕಾಂಕ್ರೀಟ್ ಇದ್ದರೆ ಬುಡದಿಂದ ಸ್ವಲ್ಪ ದೂರದವರೆಗೆ ಒಡೆಸಿ, ಜಲ್ಲಿ ತುಂಬಿಸಿ. ಎಷ್ಟೋ ಗೋಡೆಗಳ ಒದ್ದೆ ಇಷ್ಟಕ್ಕೇ ಅರ್ಧ ಇಳಿಯುತ್ತದೆ.

ಆಮೇಲೆ ಸಿಮೆಂಟ್ ಗಿಲಾವನ್ನು ಉಳಿ ಸುತ್ತಿಗೆಯಿಂದ ನಿಧಾನವಾಗಿ ಬಿಡಿಸಿ. ಬ್ರೇಕರ್ ಮಷಿನ್ ಬೇಡವೇ ಬೇಡ. ಇಟ್ಟಿಗೆಯನ್ನೂ ಕಿತ್ತುಕೊಂಡು ಬರುವಷ್ಟು ಅಂಟಿದ ಕಡೆ ಸುಮ್ನೆ ಬಿಟ್ಟುಬಿಡಿ. ಗೋಡೆ ಆರಲು ತಿಂಗಳುಗಟ್ಟಲೆ ಬೇಕು. ಗುತ್ತಿಗೆದಾರರು ಅವಸರ ಮಾಡುವುದು ಜಾಸ್ತಿ ಇಲ್ಲಿಯೇ, ನೀವು ಒಪ್ಪಬೇಡಿ. ನಂತರ ಚೆನ್ನಾಗಿ ಅರಳಿಸಿದ ಸುಣ್ಣ ಒಂದು ಪಾಲು, ತೊಳೆದ ಮರಳು ಎರಡೂವರೆ ಮೂರು ಪಾಲು ಕಲಸಿ, ತೆಳುವಾಗಿ ಪದರ ಪದರವಾಗಿ ಹಾಕಿಸಿ. ಬಿಸಿಲು ನೇರ ಬೀಳದಂತೆ ಒದ್ದೆ ಗೋಣಿ ತಾಟು ಕಟ್ಟಿ. ಬೇಗ ಒಣಗಿದ ಸುಣ್ಣ ಪುಡಿಯಾಗುತ್ತದೆ. ಬಣ್ಣಕ್ಕೂ ಸುಣ್ಣವೇ ಇರಲಿ.

ಈ ಕೆಲಸ ಬಲ್ಲ ಗೌಂಡಿಗಳು ಈಗ ಕಡಿಮೆ. ಅದಕ್ಕೇ ಚರ್ಚಿನ ಹಿಂಭಾಗದ ಗೋಡೆಯಲ್ಲಿ ಒಂದು ಸಣ್ಣ ತುಂಡು ಮಾಡಿಸಿ, ಒಂದು ಮಳೆಗಾಲ ನೋಡಿ. ಅದು ಉದುರದೆ ನಿಂತರೆ ಅದೇ ಗೌಂಡಿಗೆ ಮುಂಭಾಗದ ಗೋಡೆ ಕೊಡಿ.